ರೊಟ್ಟಿಗೆ ಬಾರದ ಹೈಬ್ರಿಡ್

ಜಾವಳಿಯ ತುಂಗಮ್ಮ ಮೇಘಶ್ರೀಯನ್ನು ಸೊಸೆ ಮಾಡಿಕೊಳ್ಳುವಾಗ ನೋಡಿದ್ದು ಒಂದನ್ನೇ: ಹುಡುಗಿಯ ತಾಯಿ ತಟ್ಟಿದ ಅಕ್ಕಿರೊಟ್ಟಿ. ತಾಯಿಯದು ಹೂವಿನಂತಿತ್ತು, ಮದುವೆಯಾಗಿ ಬಂದ ಮೇಲೆ ಮಗಳದು ಚಪ್ಪಲಿಯಂತೆ ಬಂತು. ಆದರೂ ತುಂಗಮ್ಮ ಹೆತ್ತವರನ್ನು ನೋಡಿ ಮಕ್ಕಳ ಭವಿಷ್ಯ ಹೇಳುವುದನ್ನು ಬಿಡಲಿಲ್ಲ.

ಮೇಘಶ್ರೀಯ ಸಂಬಳದ ಕೆಲಸವೂ ಹೆಚ್ಚುಕಡಿಮೆ ಅದೇ. ಭತ್ತದ ಸಂಶೋಧನಾ ಕೇಂದ್ರದಲ್ಲಿ ತಾಯಿ ತಳಿ, ತಂದೆ ತಳಿಗಳ ಎಲೆ ಅರೆದು, ಡಿಎನ್‌ಎಯ ಗುರುತುಗಳನ್ನು ಓದಿ, ಹಿಂದೆ ಬೆಳೆದ ಹೈಬ್ರಿಡ್‌ಗಳ ಲೆಕ್ಕದೊಂದಿಗೆ ತಾಳೆ ಹಾಕಿ, ಇನ್ನೂ ಹುಟ್ಟದ ಹೈಬ್ರಿಡ್ ಎಷ್ಟು ಫಸಲು ಕೊಡುತ್ತದೆಂದು ಮೊದಲೇ ಹೇಳುವುದು.

"ಸಂಬಂಧ ಕುದುರಿಸೋದಕ್ಕೂ ಕಂಪ್ಯೂಟರ್ ಬೇಕಾ ಮಾರಾಯ್ತಿ?" ಎನ್ನುತ್ತಲೇ ತುಂಗಮ್ಮ ತಮ್ಮ ಹೆಸರಿನ ಗದ್ದೆಯನ್ನು ಒಂದು ಮಳೆಗಾಲಕ್ಕೆ ಅವಳ ಹೈಬ್ರಿಡ್‌ಗೆ ಬಿಟ್ಟುಕೊಟ್ಟರು. ಹೇಳಿದಷ್ಟೇ ಬೆಳೆ ಬಂತು. ಮೇಘಶ್ರೀ ಅಡುಗೆಮನೆಯಲ್ಲೂ ಸ್ವಲ್ಪ ತಲೆಯೆತ್ತಿ ಓಡಾಡಿದಳು.

ಆಮೇಲೆ ಹೊಸ ಅಕ್ಕಿಯ ಹಿಟ್ಟು ಬೆಂದು ಮಣೆಗೆ ಬಂತು. ತುಂಗಮ್ಮನ ಕೈಯಲ್ಲೇ ರೊಟ್ಟಿಯ ಅಂಚು ಬಿರಿಯಿತು.

"ಇದು ಕಾವಲಿಗೆ ಹೋಗೋ ಮೊದಲೇ ಚೂರಾಗುತ್ತೆ. ಮುಂದಿನ ವರ್ಷ ಗದ್ದೆ ಇಲ್ಲ."

ಗದ್ದೆ ಇಲ್ಲದಿದ್ದರೆ ಮುಂದಿನ ಪ್ರಯೋಗವೂ ಇಲ್ಲ. "ಅತ್ತೆ, ಕಂಪ್ಯೂಟರಿಗೆ ಕಲಿಸಿದ್ದು ಇಳುವರಿ, ಎತ್ತರ, ರೋಗ ಅಷ್ಟೇ. ರೊಟ್ಟಿ ತಟ್ಟಿ ಯಾರೂ ಅಳೆದಿಲ್ಲ."

"ತಟ್ಟೋರನ್ನೇ ಯಾರೂ ಲೆಕ್ಕಕ್ಕೆ ತಗೊಂಡಿಲ್ಲ, ಇನ್ನು ರೊಟ್ಟೀನ ತಗೋತಾರಾ?"

"ಹಳೇ ಹೈಬ್ರಿಡ್‌ಗಳ ಅಕ್ಕಿ ಕೇಂದ್ರದಲ್ಲಿದೆ. ಒಂದೊಂದನ್ನೂ ತಟ್ಟಿ ನೋಡಿದ್ರೆ ಅದಕ್ಕೂ ಗುರುತು ಸಿಗಬಹುದು."

"ನಿನ್ನ ಕೈಗೆ ಬರಲ್ಲ. ನನ್ನ ಹೆಗಲು ಬಿದ್ದುಹೋಗಿದೆ."

ಜಗಲಿಯಿಂದ ಮೇಘಶ್ರೀಯ ಗಂಡ ಶಶಿಧರ್ ಕೂಗಿದ: "ಒಂದು ರೊಟ್ಟಿಗೆ ಇಷ್ಟು ರಾಮಾಯಣವಾ? ಎರಡು ನಿಮಿಷದ ಕೆಲಸ."

ಅತ್ತೆ ಸೊಸೆ ಮುಖ ಮುಖ ನೋಡಿಕೊಂಡರು. ಇಬ್ಬರೂ ಒಂದೇ ಅಭಿಪ್ರಾಯಕ್ಕೆ ಬಂದದ್ದು ಅವತ್ತೇ ಮೊದಲು.

ಮಾರನೆಯ ಬೆಳಿಗ್ಗೆ ಶಶಿಧರ್ ಮಣೆಯ ಮುಂದೆ ಕೂತ. ಹೈಬ್ರಿಡ್ ಹಿಟ್ಟು ಬಿರಿಯಿತು. "ಅಕ್ಕಿಯೇ ಸರಿಯಿಲ್ಲ," ಎಂದ, ಗೆದ್ದವನಂತೆ. ಮೇಘಶ್ರೀ ಮನೆಯ ಹಳೆ ಭತ್ತದ ಹಿಟ್ಟು ಮುಂದಿಟ್ಟಳು. ಅದು ಇನ್ನೂ ಚೆನ್ನಾಗಿ ಬಿರಿಯಿತು.

"ಹೀಗಾದ್ರೆ ತಪ್ಪು ಅಕ್ಕಿಯದೋ ಕೈಯದೋ ಗೊತ್ತಾಗಲ್ಲ ರೀ. ಮೊದಲು ಮನೆ ಅಕ್ಕೀದು ದಿನಾ ಒಂದೇ ಥರ ಬರಬೇಕು. ಆಮೇಲೆ ಪ್ರಯೋಗ."

"ದಿನಾನಾ?"

"ನಾನು ಈ ಮನೆಗೆ ಬಂದಾಗಿನಿಂದ ದಿನಾನೇ ತಟ್ಟಿದ್ದು," ಎಂದು ತುಂಗಮ್ಮ ಕಾಫಿ ಲೋಟ ಹಿಡಿದು ಕೂತರು. ಬೆಳಗಿನ ಆ ಹೊತ್ತಿನಲ್ಲಿ ಅವರು ಕೂತದ್ದನ್ನು ಮನೆಯಲ್ಲಿ ಯಾರೂ ನೋಡಿರಲಿಲ್ಲ. ಒಂದು ಗುಟುಕು ಕುಡಿದು ಸೊಸೆಗೆ ಹೇಳಿದರು: "ಇವನ ರೊಟ್ಟಿ ನೆಟ್ಟಗಾಗೋವರೆಗೆ ಗದ್ದೆ ನಿನ್ನದೇ."

ಶಶಿಧರನ ಅಪ್ಪನ ಅಡುಗೆಯ ಕೈ ಎಂಥದ್ದೆಂದು ಮೇಘಶ್ರೀಗೆ ಗೊತ್ತಿತ್ತು. ಗದ್ದೆಗೆ ಸದ್ಯಕ್ಕೇನೂ ಭಯವಿಲ್ಲವೆಂದು ಅವಳು ಎಲೆ ಅರೆಯದೆಯೇ ಹೇಳಬಲ್ಲವಳಾಗಿದ್ದಳು.