ಇಂಡಿಯಲ್ಲಿ ಮಾಡು ಹಾರಿದ ಮೇಲೆ

ಚಹಾಕ್ಕೆ ಸಕ್ಕರೆ ಹಾಕುತ್ತಿದ್ದವಳು ತಲೆ ಎತ್ತಿದರೆ ಮೇಲೆ ಆಕಾಶವಿತ್ತು.

ಅದಕ್ಕೂ ಮುಂಚೆ ಅಲ್ಲಿ ನಮ್ಮ ಅಡುಗೆಮನೆಯ ಮಾಡು ಇತ್ತು. ಗಾಳಿ ಅದನ್ನು ಅನ್ನದ ಪಾತ್ರೆಯ ಮುಚ್ಚಳ ತೆಗೆಯುವಷ್ಟು ಸಲೀಸಾಗಿ ಎತ್ತಿಕೊಂಡು ಹೋಯಿತು. ದೊಡ್ಡ ಸದ್ದು ಆಗಿರಲೇಬೇಕು. ನನಗೆ ಮಾತ್ರ ಆ ಸದ್ದು ನೆನಪಿಲ್ಲ. ಮಣ್ಣಿನ ಬಣ್ಣದ ಮೋಡವೊಂದು ನನ್ನ ಒಲೆಯ ನೇರ ಮೇಲೆ, ಕೈಗೆ ಸಿಗುವಷ್ಟು ಕೆಳಗೆ ತೇಲುತ್ತಿದ್ದದ್ದು ನೆನಪಿದೆ. ಆಮೇಲೆ ಆಣೆಕಲ್ಲು ಬಿದ್ದವು. ಅವುಗಳ ಜೊತೆ ಎಲ್ಲಿಂದಲೋ ಹಸಿರು ನಿಂಬೆಕಾಯಿಗಳೂ ಬಿದ್ದವು. ಬಿಳಿಯವೂ ಹಸಿರಿನವೂ ಕಟ್ಟೆಯ ಮೇಲೆ ಉರುಳಾಡಿ, ಇಡೀ ಅಡುಗೆಮನೆಯಲ್ಲಿ ನಿಂಬೆ ಎಲೆಯನ್ನು ಕೈಯಲ್ಲಿ ಹೊಸಕಿದಂಥ ಪರಿಮಳ ತುಂಬಿತು. ಹೆದರಬೇಕಾಗಿತ್ತು. ನಾನು ಗ್ಯಾಸ್ ಆರಿಸಿ, ಬಾಗಿಲ ಚೌಕಟ್ಟಿನಡಿ ನಿಂತು, ಯಾರದೋ ಕನಸನ್ನು ಇಣುಕಿ ನೋಡುವವಳಂತೆ ನೋಡುತ್ತಲೇ ಇದ್ದೆ.

ಊರಿನವರು ಕೇಳುತ್ತಾರೆ, "ಅಲ್ಲಿ ಮಳೆಯೇ ಇಲ್ಲವಂತಲ್ಲ, ಮಾಡು ಹಾರಿದ್ದು ಹೇಗೆ?" ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಾನು ಕುಂದಾಪುರದ ಕಡೆಯವಳು. ಸರ್ಕಾರಿ ಆಸ್ಪತ್ರೆಯ ನರ್ಸ್ ಕೆಲಸ ಸಿಕ್ಕಿ ಇಂಡಿಗೆ ಬಂದೆ. ಗಂಡ ಪುಣೆಯ ಹೋಟೆಲೊಂದರಲ್ಲಿ ಅಡುಗೆಯವರು. ರಜೆ ಸಿಕ್ಕಾಗ ಸೊಲ್ಲಾಪುರದ ಮೇಲೆ ಹಾಯ್ದು ರೈಲಿನಲ್ಲಿ ಬಂದು ಹೋಗುತ್ತಾರೆ. ಮೊದಮೊದಲು ವಾರ್ಡಿನಲ್ಲಿ ಎಲ್ಲರೂ ನನ್ನ ಜೊತೆ ಜಗಳಕ್ಕೇ ಬಂದಿದ್ದಾರೆ ಎನ್ನಿಸುತ್ತಿತ್ತು. "ಲಗೂನ ಸೂಜಿ ಮಾಡ್ರಿ ಸಿಸ್ಟರ್, ಬಸ್ ಹೋಕ್ಕೈತಿ!" ಎಂದು ಯಾರಾದರೂ ಗದರಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಸೂಜಿ ಮಾಡುವುದೆಂದರೆ ಇಂಜೆಕ್ಷನ್ ಕೊಡುವುದು, ಗದರಿದಂತೆ ಕೇಳಿದ್ದು ಬರಿಯ ಅವಸರ ಎಂದು ತಿಳಿಯಲು ಸಮಯ ಹಿಡಿಯಿತು. ಹಾಗೆ ಗದರಿದವರೇ ಮಾರನೆಯ ದಿನ ಚೀಲದ ತುಂಬ ನಿಂಬೆಹಣ್ಣು ತಂದು ಮೇಜಿನ ಮೇಲೆ ಸುರಿದು, ಹೆಸರನ್ನೂ ಹೇಳದೆ ಹೋಗುತ್ತಿದ್ದರು.

ನಮ್ಮಲ್ಲಿ ಮಳೆ ಬಂದರೆ ತಿಂಗಳುಗಟ್ಟಲೆ ಉಳಿಯುವ ನೆಂಟ. ಹಂಚಿನ ಇಳಿಜಾರು ಮಾಡಿನಿಂದ ಅದು ಇಳಿಯುವ ಸದ್ದಿಗೆ ನಿದ್ದೆ ಬರುತ್ತದೆ. ಇಲ್ಲಿ ಮಳೆಗಿಂತ ಮುಂಚೆ ಅದರ ಗಾಳಿ ಬರುತ್ತದೆ. ಎರೆ ಹೊಲಗಳ ಮೇಲೆ ದೂರದಲ್ಲಿ ಧೂಳಿನ ಗೋಡೆಯೊಂದು ಎದ್ದು, ಸಮುದ್ರದ ತೆರೆ ದಡಕ್ಕೆ ಬರುವ ಹಾಗೆ ಬರುತ್ತದೆ. ಮೊದಲ ಸಲ ಕಂಡಾಗ ಮೀನುಗಾರರ ದೋಣಿಗಳು ಎಲ್ಲಿವೆ ಎಂದು ನನ್ನ ಕಣ್ಣು ತಾನಾಗಿ ಹುಡುಕಿತ್ತು.

ಸಿಂದಗಿ ರಸ್ತೆಯ ಆಚೆ, ಹೊಸ ಬಡಾವಣೆಯಲ್ಲಿ ನಾವು ಕೊಂಡ ಮನೆಯ ಮುಂದಿನ ಎರಡು ಕೋಣೆಗೆ ಸ್ಲ್ಯಾಬು. ಹಿಂದಿನ ಪಡಸಾಲೆ, ಅಡುಗೆಮನೆಗೆ ಪತ್ರಾಸು. ಪತ್ರಾಸೆಂದರೆ ತಗಡಿನ ಶೀಟು. ಸಾಲ ಕೊಟ್ಟ ಬ್ಯಾಂಕಿನವರೇ ಮನೆಗೊಂದು ವಿಮೆ ಮಾಡಿಸಿದ್ದರು. ಬೆಂಕಿ, ಬಿರುಗಾಳಿ, ನೆರೆ ಎಂದು ಅದರಲ್ಲಿ ಬರೆದದ್ದನ್ನು ಓದಿ ನಾನು ನಕ್ಕಿದ್ದೆ.

ಗಾಳಿ ನಿಂತ ಕೂಡಲೇ ವಿಮೆ ಕಂಪನಿಗೆ ಫೋನ್ ಮಾಡಿದೆ. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಒಬ್ಬ ಹುಡುಗಿ ಮಾತಾಡಿದಳು. "ಮೇಡಂ, ಸರ್ವೆಯರ್ ಬಂದು ನೋಡುವವರೆಗೆ ಏನನ್ನೂ ಜರುಗಿಸಬೇಡಿ, ರಿಪೇರಿ ಮಾಡಿಸಬೇಡಿ. ಬಿದ್ದದ್ದು ಬಿದ್ದ ಹಾಗೇ ಇರಬೇಕು."

ಅವಳು ಪಾಲಿಸಿ ನಂಬರ್ ಕೇಳುತ್ತಿದ್ದಾಗಲೇ ಓಣಿಯ ಜನ ಅಂಗಳಕ್ಕೆ ಬಂದರು. ಎಲ್ಲರಿಗಿಂತ ಮುಂದೆ ಪಕ್ಕದ ಮನೆಯ ಶಾಂತಾಬಾಯಿ ಮತ್ತು ಅವರ ಮಗ ಗೌತಮ. ಶಾಂತಾಬಾಯಿಗೆ ಎಪ್ಪತ್ತರ ಹತ್ತಿರ ವಯಸ್ಸು; ಗೌತಮ ಸಾಲಿ ಮಾಸ್ತರ. ಅವರದು ದಲಿತ ಮನೆತನ. ಶಾಂತಾಬಾಯಿಯ ಮಾವನ ಕಾಲದಲ್ಲೇ ಬೌದ್ಧರಾದವರು. ನಡುಮನೆಯಲ್ಲಿ ಬುದ್ಧನ ಪಟವಿದೆ. ನಾನು ಒಂಟಿಯಾಗಿದ್ದ ಮೊದಲ ವರ್ಷ ಜೋಳದ ರೊಟ್ಟಿ ಬಡಿಯಲು ಕಲಿಸಿದವರು ಶಾಂತಾಬಾಯಿಯೇ. ಇಲ್ಲಿಯ ರೂಢಿಯಂತೆ ನಾನು ಅವರನ್ನು ಆಯಿ ಎನ್ನುತ್ತೇನೆ.

"ಹೆದರಬ್ಯಾಡ್ರಿ ಸಿಸ್ಟರ್," ಎಂದ ಗೌತಮ. "ಇಷ್ಟು ಮಂದಿ ಅದೇವಿ. ಕತ್ತಲಾಗೂದ್ರಾಗ ಪತ್ರಾಸ ಏರಿಸಿ ಬಿಡ್ತೇವಿ."

ಶಾಂತಾಬಾಯಿ ಆಗಲೇ ಬಗ್ಗಿ ಒಂದು ಶೀಟಿನ ಅಂಚಿಗೆ ಕೈ ಹಾಕಿದ್ದರು. ನನ್ನ ಕಿವಿಯಲ್ಲಿ ಫೋನು. ಇನ್ನೊಂದು ಕೈ ಬೀಸಿ ಜೋರಾಗಿ ಕೂಗಿದೆ: "ಬೇಡ! ಯಾರೂ ಮುಟ್ಟಬೇಡಿ! ಆಯಿ, ಮುಟ್ಟಬೇಡಿ!"

ಅವರ ಕೈ ಕಾದ ಹೆಂಚು ತಾಗಿದಂತೆ ಹಿಂದಕ್ಕೆ ಬಂತು.

"ಆತು ಬಿಡ್ರಿ," ಎಂದರು. "ಮುಟ್ಟೂದಿಲ್ಲ." ಸೆರಗಿಗೆ ಕೈ ಒರೆಸಿಕೊಂಡು ಹೊರಟುಹೋದರು. ನಾನು ನಂಬರ್ ಹೇಳಿ ಮುಗಿಸುವಷ್ಟರಲ್ಲಿ ಅಂಗಳ ಖಾಲಿಯಾಗಿತ್ತು.

ಆಗ ನನಗೇನೂ ಹೊಳೆಯಲಿಲ್ಲ. ಮರುದಿನ ಆಸ್ಪತ್ರೆಯಲ್ಲಿ ಗಾಯ ಕಟ್ಟುವಾಗ, ರೋಗಿಯ ಜೊತೆಗೆ ಬಂದಿದ್ದ ಮುದುಕಿಯೊಬ್ಬಳು ಹತ್ತಿಯ ಟ್ರೇ ಹತ್ತಿರ ಕೈ ತಂದಳು. "ಮುಟ್ಟಬೇಡಿ," ಎಂದೆ, ದಿನಕ್ಕೆ ಹತ್ತಾರು ಸಲ ಹೇಳುವ ಮಾತು. ಅವಳ ಕೈಯೂ ಅದೇ ರೀತಿ ಹಿಂದಕ್ಕೆ ಹೋಯಿತು. ಆಗ ಹೊಳೆಯಿತು. ಓಣಿಯ ಮಂದಿಯೆಲ್ಲ ಕೇಳುವಂತೆ ನಾನು ಯಾರಿಗೆ ಏನು ಹೇಳಿದ್ದೆ!

ಸಂಜೆ ಅವರ ಬಾಗಿಲಿಗೆ ಹೋದೆ. ಶಾಂತಾಬಾಯಿ ಹೊಸ್ತಿಲಲ್ಲೇ ನಿಂತರು. "ಕಂಪನಿಯವರು ಹಾಗೆ ಹೇಳಿದ್ದರು ಆಯಿ, ಅದಕ್ಕೇ..." ಎಂದೆ.

"ಹೌದ್ರಿ, ಹೇಳಿರಬೇಕ್ರಿ," ಎಂದರು. ಒಂದು ಬಿರುಸು ಮಾತೂ ಇಲ್ಲ. ಇಲ್ಲಿಯ ಒರಟು ಮಾತಿಗೆ ಒಂದು ಕಾಲದಲ್ಲಿ ಅಳುತ್ತಿದ್ದವಳಿಗೆ ಆ ಮರ್ಯಾದೆಯ ಮಾತು ಅದಕ್ಕಿಂತ ಹೆಚ್ಚು ನೋಯಿಸಿತು. ಒಳಗೆ ಬನ್ನಿ ಎನ್ನಲಿಲ್ಲ.

ಸರ್ವೆಯರ್ ಬರುವವರೆಗಿನ ದಿನಗಳನ್ನು ಹೇಗೆ ಹೇಳಲಿ? ಒಲೆಯನ್ನು ಮುಂದಿನ ಕೋಣೆಗೆ ಸಾಗಿಸಿದ್ದೆ. ಕೆಲಸದಿಂದ ಬಂದು ಮಾಡಿಲ್ಲದ ಪಡಸಾಲೆಯಲ್ಲಿ ಕೂತರೆ ಮೋಡಗಳ ನೆರಳು ಒಂದು ಗೋಡೆ ಇಳಿದು, ನೆಲ ದಾಟಿ, ಇನ್ನೊಂದು ಗೋಡೆ ಹತ್ತಿ ಹೋಗುತ್ತಿತ್ತು. ಗುಬ್ಬಿಗಳು ಮಸಾಲೆ ಡಬ್ಬಿಗಳ ಮೇಲೆ ಕೂತು ನನ್ನನ್ನೇ ಅತಿಥಿ ಎಂಬಂತೆ ನೋಡುತ್ತಿದ್ದವು. ಬೆಳಗಿನ ಜಾವ ಕೊಡದ ನೀರಿನಲ್ಲಿ ಒಂದು ನಕ್ಷತ್ರ ನಡುಗುತ್ತಿತ್ತು. ಇಷ್ಟು ಚೆಂದದ ಮನೆಯಲ್ಲಿ ನಾನು ಹಿಂದೆಂದೂ ಇರಲಿಲ್ಲ. ಇಷ್ಟು ಒಂಟಿಯಾಗಿಯೂ ಇರಲಿಲ್ಲ. ಗೋಡೆಯಾಚೆ ರೊಟ್ಟಿ ಬಡಿಯುವ ಸದ್ದು ದಿನವೂ ಕೇಳುತ್ತಿತ್ತು. "ಸಿಸ್ಟರ್, ಉಂಡ್ರೇನು?" ಎಂಬ ಕೂಗು ಮಾತ್ರ ಬರುತ್ತಿರಲಿಲ್ಲ. ಓಣಿಯಲ್ಲಿ ಬಿದ್ದ ನನ್ನ ಶೀಟುಗಳನ್ನು ಸುತ್ತುಹಾಕಿ ಜನ ಸೈಕಲ್ ತಳ್ಳುತ್ತ ಹೋಗುತ್ತಿದ್ದರು. ಯಾರೂ ಮುಟ್ಟಲಿಲ್ಲ.

ಕೊನೆಗೆ ಸರ್ವೆಯರ್ ಬಂದ. ಬಸವನ ಬಾಗೇವಾಡಿಯ ಯುವಕ. ಬೈಕಿನ ಮೇಲೆ ಮೈತುಂಬ ಧೂಳು. "ತಾಳಿಕೋಟಿಂದ ಬರಾಕತ್ತೇನ್ರಿ. ಅಲ್ಲೂ ಇದ ಕತಿ," ಎಂದು ಒಂದು ತಂಬಿಗೆ ನೀರು ಗಟಗಟ ಕುಡಿದ. ಗೋಡೆ ಹತ್ತಿ ಫೋಟೊ ತೆಗೆದ. ಉಳಿದಿದ್ದ ಒಂದೆರಡು ಬೋಲ್ಟು ಮುಟ್ಟಿ ನೋಡಿ ಮುಖ ಸಣ್ಣದು ಮಾಡಿದ.

"ಇವು ತುಕ್ಕ ಹಿಡದಾವ್ರಿ ಅಕ್ಕಾರ. ಗಾಳಿಗೆ ಹಾರಿದ್ರ ಕಂಪನಿ ಕೊಡತೈತಿ. ತುಕ್ಕ ಹಿಡದು ಬಿದ್ದದ್ದಕ್ಕ ಕೊಡೂದಿಲ್ಲ. ಶೀಟ ಕಿತ್ತ ಜಾಗ ನೋಡಬೇಕು. ಒಂದು ಶೀಟ ಕಮ್ಮಿ ಐತೆಲ್ಲ, ಎಲ್ಲಿ ಹೋತು?"

ನನಗೆ ಗೊತ್ತಿರಲಿಲ್ಲ. ಆ ಹಣ ಬಿಟ್ಟರೆ ಹೊಸ ಮಾಡು ಹಾಕಿಸಲು ಬೇರೆ ದಾರಿ ಇರಲಿಲ್ಲ. ಆಗ ಗೋಡೆಯಾಚೆಯಿಂದ ಶಾಂತಾಬಾಯಿಯ ದನಿ ಬಂತು.

"ಇಲ್ಲೈತಿ ಬರ್ರಿ."

ಅವರ ಹಿತ್ತಿಲಿಗೆ ಹೋದೆವು. ಅಲ್ಲೊಂದು ನಿಂಬೆ ಗಿಡವಿತ್ತು. ಗಿಡ ಎನ್ನುತ್ತಾರೆ, ನಿಜವಾಗಿ ಅದು ಮಾಳಿಗೆ ಎತ್ತರದ ಮರ. ನನ್ನ ಶೀಟು ಅದರ ನೆತ್ತಿಯ ಮೇಲೆ ಬಂದು ಅಪ್ಪಳಿಸಿ ಅರ್ಧ ಮರವನ್ನು ಸೀಳಿತ್ತು. ಮುರಿದ ಕೊಂಬೆಗಳು ಅದರಡಿಯಲ್ಲೇ ಬಾಡಿ, ಕಾಯಿಗಳು ಸುಕ್ಕಾಗಿದ್ದವು. ಬಿರುಗಾಳಿಯ ದಿನ, ತಮ್ಮ ಮರ ಹೀಗೆ ಬಿದ್ದಿರುವಾಗಲೇ, ಅವರು ನನ್ನ ಮಾಡು ಎತ್ತಲು ಬಂದಿದ್ದರು.

"ಆಯಿ, ಇದನ್ನ ತೆಗೆಯಬಾರದಿತ್ತೆ?" ಎಂದೆ.

"ಮುಟ್ಟಬ್ಯಾಡ್ರಿ ಅಂದಿದ್ರೆಲ್ಲ," ಎಂದರು ಅವರು. "ಮುಟ್ಟಿಲ್ಲ."

ಸರ್ವೆಯರ್ ಮಾತ್ರ ಹಿಗ್ಗಿಹೋದ. ಆ ಶೀಟು ಕಬ್ಬಿಣದ ಪಟ್ಟಿಯ ಸಮೇತ ಕಿತ್ತು ಬಂದಿತ್ತು. ಬೋಲ್ಟುಗಳು ಗಟ್ಟಿಯಾಗಿ ಕಚ್ಚಿಕೊಂಡೇ ಇದ್ದವು. ಪಟ್ಟಿಯೇ ತಿರುಚಿ ಹೋಗಿತ್ತು. "ಇದು ತುಕ್ಕಿನ ಕೆಲಸ ಅಲ್ರಿ, ಗಾಳೀದ," ಎಂದು ಸುತ್ತ ತಿರುಗಿ ಫೋಟೊ ತೆಗೆದ. "ಚಲೋ ಮಾಡೀರಿ ಆಯಿ. ಜರಗಿಸಿದ್ರ ಗೊತ್ತಾಗತಿದ್ದಿಲ್ಲ. ಇನ್ನ ತಗೀರಿ."

ಅವನು ಹೋದ ಮೇಲೂ ಶಾಂತಾಬಾಯಿ ನಿಂತಲ್ಲೇ ನಿಂತಿದ್ದರು. ನಾನು ಶೀಟಿನ ಒಂದು ಬದಿ ಹಿಡಿದೆ.

"ಆ ಕಡೆ ಹಿಡಿಯಿರಿ ಆಯಿ. ನನ್ನೊಬ್ಬಳ ಕೈಯಲ್ಲಿ ಆಗುವುದಿಲ್ಲ."

ಅವರು ಹತ್ತಿರ ಬಂದರು. "ಕೈ ಹರದೀತು. ಸೆರಗ ಸುತ್ತಿಗೋರಿ ಮೊದಲ," ಎಂದರು.

ಇಬ್ಬರೂ ಸೇರಿ ಅದನ್ನು ಇಳಿಸಿದೆವು. ಮರ ಉಸಿರು ಬಿಟ್ಟಂತೆ ಒಂದು ಕೊಂಬೆ ಮೇಲೆದ್ದಿತು. ಅದರ ನೆರಳಲ್ಲಿ ಕೂತ ಮೇಲೆ ಅವರೇ ಮಾತು ತೆಗೆದರು.

"ಸಣ್ಣಾಕಿ ಇದ್ದಾಗ ಬಾಂವಿ ಕಟ್ಟಿ ಮ್ಯಾಲ ಕೇಳೇನ್ರಿ ಆ ಮಾತು. ನೀವು ಯಾಕ ಅಂದ್ರಿ ಅಂಬೂದು ನನಗ ಗೊತ್ತಿಲ್ಲೇನು? ಗೊತ್ತೈತಿ. ಖರೆ, ಕೈ ತಾನ ಹಿಂದ ಬಂತು. ಅದಕ್ಕ ಯಾರು ಏನ ಹೇಳಬೇಕು?"

ಕ್ಷಮೆ ಎಂಬ ಮಾತು ಆ ಕೈಗಿಂತ ಬಹಳ ಸಣ್ಣದಾಗಿ ಕಂಡಿತು. "ಹಸಿವಾಗಿದೆ ಆಯಿ," ಎಂದೆ. ನಿಜವಾಗಿಯೂ ಹಸಿವಾಗಿತ್ತು. ಅವರು ಎದ್ದು ಒಳಗೆ ಹೋಗಿ, "ಅಲ್ಲೇ ಯಾಕ ಕುಂತೀರಿ? ಬರ್ರಿ ಒಳಗ!" ಎಂದು ಗದರಿದರು. ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ನಾನು ಹೊಟ್ಟೆ ತುಂಬ ಉಂಡೆ.

ಕಂಪನಿ ಕೊನೆಗೆ ಹಣ ಕೊಟ್ಟಿತು. ಹಳೆಯ ಶೀಟು ಎಂದು ಒಂದಷ್ಟು ಮುರಿದುಕೊಂಡೇ ಕೊಟ್ಟಿತು. ಪಕ್ಕದ ಮನೆಯ ಮರ ಪಾಲಿಸಿಯಲ್ಲಿ ಬರುವುದಿಲ್ಲವಂತೆ, ಕೇಳಿ ನೋಡಿದ್ದೆ. ಸೀಳಿದ ಭಾಗವನ್ನು ಗೌತಮ ಗರಗಸದಿಂದ ಕೊಯ್ದು, ಗಾಯಕ್ಕೆ ಸಗಣಿ ಮಣ್ಣು ಕಲಸಿ ಮೆತ್ತಿದ. ಹೊಸ ಪತ್ರಾಸು ಏರಿಸಲು ಮತ್ತೆ ಅದೇ ಮಂದಿ ಬಂದರು. ನಾನು ಬೋಲ್ಟು ಎತ್ತಿ ಕೊಡುತ್ತ ಕೆಳಗೆ ನಿಂತಿದ್ದೆ. ಕೊನೆಯ ಶೀಟು ಕೂತಾಗ ಪಡಸಾಲೆ ಕತ್ತಲಾಯಿತು. ಎಲ್ಲರೂ ಖುಷಿಯಾದರು. ನನಗೆ ಮಾತ್ರ ಗೋಡೆ ಹತ್ತಿ ಇಳಿಯುತ್ತಿದ್ದ ಮೋಡಗಳ ನೆರಳಿಗಾಗಿ ಸ್ವಲ್ಪ ಬೇಸರವಾಯಿತು. ಯಾರಿಗೂ ಹೇಳಲಿಲ್ಲ.

ಆಸಾಡಿ ತಿಂಗಳಲ್ಲಿ ರಜೆ ಹಾಕಿ ಕುಂದಾಪುರಕ್ಕೆ ಹೋದೆ. ವರ್ಗಾವಣೆಗೆ ಅರ್ಜಿ ಕರೆದಿದ್ದರು. "ಈ ಸಲ ಹಾಕ್ ಮಗಾ," ಎಂದು ಅಮ್ಮ ದಿನವೂ ಹೇಳುತ್ತಿದ್ದರು. ಒಂದು ಮಧ್ಯಾಹ್ನ ಹೊರಗೆ ಮಳೆ ಸುರಿಯುತ್ತಿತ್ತು. ಅಮ್ಮ ಕಾಯಿ ತುರಿಯುತ್ತಿದ್ದರು. ಫೋನು ಬಂತು. ಶಾಂತಾಬಾಯಿ.

"ಮನಿಗೆ ಯಾವಾಗ ಬರ್ತಿ ತಂಗಿ? ನಿನ್ನಿ ಇಲ್ಲೂ ದೊಡ್ಡ ಮಳಿ ಆತು. ಕೀಲಿ ತಗದು ಒಳಗ ಹೋಗಿ ನೋಡೇನಿ. ಒಂದು ಹನಿ ಬಿದ್ದಿಲ್ಲ."

ಅವರು ನನ್ನನ್ನು ಸಿಸ್ಟರ್ ಎನ್ನದೆ ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಏನೋ ಹೇಳಿ ಫೋನಿಟ್ಟೆ.

"ಯಾರೆ?" ಎಂದರು ಅಮ್ಮ.

"ಮನಿಂದ, ಅಮ್ಮ," ಎಂದೆ. ನಮ್ಮ ಕಡೆಯೂ ಮನೆಗೆ ಮನಿ ಎಂದೇ ಅನ್ನುತ್ತೇವೆ.

ಅಮ್ಮನ ಕೈ ನಿಂತಿತು. "ಹಾಂಗಾರೆ ಇದ್ ಎಂತದೆ?"

"ಇದೂ ಮನಿಯೇ."

ಆ 'ಇದೂ' ಅಮ್ಮನಿಗೆ ಹಿಡಿಸಲಿಲ್ಲ. ಮತ್ತೆ ಕಾಯಿ ತುರಿಯತೊಡಗಿದರು.