ಚಿಕ್ಕಮ್ಮ ಹೊರಗೆ ಕೂರ್ತಿದ್ದ ಮೂರು ದಿನ

ಮೊನ್ನೆ ಚನ್ನಗಿರಿ ಸಂತೇಲಿ ಯಾರೋ ಸೀಗೆಕಾಯಿ ಪುಡಿ ಅಳೀತಿದ್ರು. ಆ ವಾಸನೆ ಮೂಗಿಗೆ ಬಡಿದಿದ್ದೇ ತಡ, ಕೊತ್ತಂಬರಿ ಕಟ್ಟು ಹಿಡ್ಕಂಡು ದಾರಿಗಡ್ಡ ನಿಂತ್ಬಿಟ್ಟೆ. "ಏನಮ್ಮಾ, ಬೇರು ಬಿಟ್ಯೇನು?" ಅಂತ ಹಿಂದಿದ್ದೋರು ಬೈದ್ರು. ನನಗೆ ಅದು ನಾಲ್ಕನೇ ದಿನದ ವಾಸನೆ. ಅವತ್ತು ನಮ್ಮ ಚಿಕ್ಕಮ್ಮ ತಲೆಗೆ ನೀರು ಹಾಕ್ಕಂಡು ಒಳಗೆ ಬಂದ್ಬಿಡೋಳು, ನನ್ನ ಆಟ ಮುಗಿಯೋದು. ಲಿಂಗ ಕಟ್ಟಿದೋರಿಗೆ ಮುಟ್ಟಿನ ಮೈಲಿಗೆ ಇಲ್ಲ ಅಂತ ಸ್ವಾಮಿಗಳು ಹೇಳಿದ್ರೆ ಅಜ್ಜಿ ಭಕ್ತಿಯಿಂದ ತಲೆಯಾಡಿಸೋರು. ಮನೆಗೆ ಬಂದು ಚಿಕ್ಕಮ್ಮನ್ನ ಹಿತ್ಲು ಕಟ್ಟೆ ಮೇಲೆ ಕೂರಿಸೋರು.

ಉಳಿದ ದಿನ ಒಲೆ, ದನ, ಬಟ್ಟೆ ಅಂತ ಅವಳು ಕೈಗೇ ಸಿಕ್ತಿರಲಿಲ್ಲ. ಆ ಮೂರು ದಿನ ಪೂರ್ತಿ ನನ್ನೋಳು. ಚೌಕಾಬಾರ ಆಡ್ತಿದ್ವಿ. ಅವಳು ಏನೂ ಮುಟ್ಟಂಗಿಲ್ವಲ್ಲ, ಅವಳ ಕವಡೆ ಹಾಕೋಳೂ ನಾನೇ, ಅವಳ ಕಾಯಿ ನಡೆಸೋಳೂ ನಾನೇ, ಮೋಸ ಮಾಡೋಳೂ ನಾನೇ. ಆದ್ರೂ ಸೋಲೋಳು ನಾನೇ! ತ್ಯಾವಣಿಗೆಯಿಂದ ಮದ್ವೆಯಾಗಿ ಬಂದು ಆರು ವರ್ಷ ಆದ್ರೂ ಅವಳಿಗೆ ಮಕ್ಕಳಿರಲಿಲ್ಲ. ಕಟ್ಟೆ ಮೇಲೆ ಕೂತಾಗೆಲ್ಲ, ಈ ತಿಂಗಳೂ ಇಲ್ಲ ಅಂತ ಇಡೀ ಓಣಿಗೆ ಗೊತ್ತಾಗೋದು. ಏಳು ವರ್ಷದ ಪೆದ್ದಿ ನಾನು, "ಚಿಕ್ಕಮ್ಮ ದಿನಾ ಹೊರಗೆ ಕೂರ್ಲಪ್ಪಾ" ಅಂತ ದೇವರಿಗೆ ಕೈ ಮುಗೀತಿದ್ದೆ. ಲೆಕ್ಕದ ಪರೀಕ್ಷೇಲಿ ಒಂದಿನಾನೂ ಕೇಳದ ದೇವರು ಇದನ್ನ ಮಾತ್ರ ಕೇಳಿಸ್ಕಂಡ.

"ಇನ್ನೊಂದು ಸಲ ಹೊರಗೆ ಕುಂತ್ರೆ ತವರಿಗೆ ಕಳಿಸ್ತೀನಿ, ಮಗಂಗೆ ಬೇರೆ ಹೆಣ್ಣು ತರ್ತೀನಿ" ಅಂದಿದ್ರು ಅಜ್ಜಿ. ಆಮೇಲೆ ಒಂದೂವರೆ ತಿಂಗಳು ಅವಳು ಹೊರಗೆ ಕೂರಲೇ ಇಲ್ಲ. ಅಜ್ಜಿ ಕೈಯಾರೆ ಹೋಳಿಗೆ ಮಾಡಿ ತಿನ್ನಿಸಿದ್ರು. ನಾನೊಬ್ಳೇ ಮುಖ ಊದಿಸ್ಕಂಡು ತಿರುಗ್ತಿದ್ದೆ. ಒಂದಿನ ಬೆಳಿಗ್ಗೆ ನೋಡ್ತೀನಿ, ಚಿಕ್ಕಮ್ಮ ಒಗೆದ ಮುಟ್ಟಿನ ಬಟ್ಟೆನ ಸೀರೆ ಕೆಳಗೆ ಮುಚ್ಚಿ ಒಣಗಾಕ್ತಿದ್ಲು. ಕುಣ್ಕಂಡು ಅಡುಗೆಮನೆಗೆ ಓಡಿದೆ. "ಅಜ್ಜೀ, ಚಿಕ್ಕಮ್ಮ ಹೊರಗಾಗ್ಯಾಳೆ! ಇವತ್ತು ಆಟ ಐತೆ!"

ಒಲೆ ಮೇಲೆ ಅವಳೇ ಇಟ್ಟ ಸಾರು ಕುದೀತಿತ್ತು. ಅಜ್ಜಿ ಅದನ್ನ ಎತ್ತಿ ಬಚ್ಚಲಿಗೆ ಸುರಿದ್ರು. "ಮುಟ್ಟಾಗಿ ಒಲೆ ಮುಟ್ಟಿದ್ಯೇನೇ?" ಅಂದ್ರು. ಚಿಕ್ಕಮ್ಮ, "ಒಂದಿನ ತಡೆದಿದ್ರೆ ನಾನೇ ಹೇಳ್ತಿದ್ದೆ ಅತ್ತೆ" ಅಂದ್ಲು. ಚಿಕ್ಕಪ್ಪ ಟವೆಲ್ ಹೆಗಲಿಗೆ ಹಾಕ್ಕಂಡು ಹೊಲದ ಕಡೆ ಹೋದ್ರು.

ಮಾರನೇ ದಿನ ಮಧ್ಯಾಹ್ನ ಅವಳಣ್ಣ ಆಟೋ ತಂದ್ರು. ಇನ್ನೂ ಎರಡನೇ ದಿನ, ಅವಳು ಯಾರನ್ನೂ ಮುಟ್ಟಂಗಿಲ್ಲ. ಕಂಬಳಿಗೆ ಮೈಲಿಗೆ ಇಲ್ಲ ಅನ್ನೋದು ನೆನಪಾಗಿ, ಅಜ್ಜನ ಕಂಬಳಿನ ತಲೆತುಂಬ ಸುತ್ಕಂಡು ಆ ಸುಡು ಬಿಸಿಲಾಗೆ ಕರಡಿಮರಿ ಥರ ಓಡಿದೆ. ಎಡವಿ ಮೂರು ಮೆಟ್ಲು ಉರುಳಿ ಅವಳ ಕಾಲ ಹತ್ರಾನೇ ಬಿದ್ದೆ. ಓಣಿಯೆಲ್ಲ ನಕ್ತು. ಚಿಕ್ಕಮ್ಮ ಕಂಬಳಿ ಸಮೇತ ಎತ್ಕಂಡ್ಲು. ಬೈಲಿಲ್ಲ. "ಮೂಗಿಗೆ ಪೆಟ್ಟಾತೇನವ್ವಾ?" ಅಂದ್ಲು, ಅಷ್ಟೇ. ಅಮ್ಮನೇ ಬಂದು ಬಿಡಿಸ್ಕಂಡ್ರು.

ಅವಳು ತಿರುಗಿ ಬರಲಿಲ್ಲ. ಈಗ ಅಜ್ಜಿನೂ ಇಲ್ಲ, ನಮ್ಮನೇಲಿ ಯಾರೂ ಹೊರಗೆ ಕೂರಲ್ಲ. ಆ ಮೂರು ದಿನಾನೂ ನಾನೇ ಒಲೆ ಹಚ್ತೀನಿ, ಸಾರಿಗೆ ಉಪ್ಪು ಜಾಸ್ತಿ ಆದ್ರೆ ಬೈತಾರೆ, ಬೇರೇನೂ ಕೇಳಲ್ಲ. ಚಿಕ್ಕಮ್ಮ ಒಂದೇ ಒಂದಿನ ಮುಚ್ಚಿಟ್ಕಂಡು ಮಾಡಿದ್ದೂ ಇಷ್ಟನ್ನೇ.