ಹಿನ್ನೀರಿನ ನಡುವೆ ನಿಲ್ಲುತ್ತಿದ್ದ ಮೋಟಾರು

ಮಾರಿಕಣಿವೆಯ ಹಿನ್ನೀರಿನಲ್ಲಿ ಭಾವನ ದೋಣಿ ಮೂರನೇ ಸಲ ಕೆಟ್ಟು ನಿಂತಾಗ ನಾನೂ ಅದರಲ್ಲಿದ್ದೆ. ದಡ ಬಿಟ್ಟು ಹತ್ತು ನಿಮಿಷವೂ ಆಗಿರಲಿಲ್ಲ. ಮೋಟಾರು ಎರಡು ಸಲ ಗೊರಗುಟ್ಟಿ ಸುಮ್ಮನಾಯಿತು. ಭಾವ, ಅಂದರೆ ನನ್ನ ಅಕ್ಕನ ಗಂಡ, ಹುಟ್ಟು ಹಿಡಿದು ಒಮ್ಮೆ ಎಳೆದರು. ಹಲ್ಲು ಕಚ್ಚಿ ಕೆಳಗಿಟ್ಟರು. ವಾಪಸು ದಡದವರೆಗೆ ಹುಟ್ಟು ಹಾಕಿದ್ದು ನಾನು.

ಹೊಸದುರ್ಗದ ಕಡೆಯ ಆ ದಡದಲ್ಲಿ ಮೀನು ಹಿಡಿದೇ ಬದುಕಿದವರು ಅವರು. ಹಿಂದಿನ ವರ್ಷ ಬೈಕಿನಿಂದ ಬಿದ್ದು ಬಲ ಭುಜ ಮುರಿಯಿತು. ಮೂಳೆ ಕೂಡಿತು, ಹುಟ್ಟು ಹಾಕುವ ಶಕ್ತಿ ಮಾತ್ರ ಬರಲಿಲ್ಲ. ಅದಕ್ಕೇ ಹಳೆಯದೊಂದು ಸಣ್ಣ ಮೋಟಾರು ತಂದು ದೋಣಿಯ ಹಿಂದಕ್ಕೆ ಬಿಗಿದಿದ್ದರು. ಅದು ಬಲೆಯ ತನಕ ಹೋಗಿ ಬಂದರೆ ಕಸುಬು ಉಳಿಯುತ್ತಿತ್ತು.

"ಈ ವಾರ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ದೋಣಿ, ಬಲೆ ಎಲ್ಲಾ ಯಾರಿಗಾದ್ರೂ ಕೊಟ್ಬಿಡ್ತೀನಿ" ಎಂದರು.

"ಕೊಡ್ರಿ ಭಾವ. ಆದ್ರೆ ಯಾಕೆ ನಿಲ್ತೈತೆ ಅಂತ ತಿಳ್ಕಂಡು ಕೊಡ್ರಿ."

"ಪೇಪರ್‍ನಾಗೆ ಬರ್ಕಂಡು ಇದ್ದೋನು ಮೋಟ್ರು ಬಿಚ್ತಾನಂತೆ. ಬಿಚ್ಚಪ್ಪ, ಬಿಚ್ಚು!"

ಮರುದಿನ ಮೋಟಾರನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ಹಿರಿಯೂರಿಗೆ ಒಯ್ದೆ. ಅಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಸಾಹೇಬರೊಬ್ಬರು ಅದರ ಕಾರ್ಬುರೇಟರನ್ನು ಆಗಲೇ ಎರಡು ಸಲ ತೊಳೆದುಕೊಟ್ಟಿದ್ದರು. ಈ ಸಲ ತೊಳೆಯುವ ಮೊದಲು ಒಂದೊಂದನ್ನೂ ತೋರಿಸಿ ಎಂದು ಕೇಳಿದೆ. ಅವರು ನಕ್ಕು, ಸ್ಟೂಲು ಎಳೆದುಕೊಟ್ಟರು.

ಪೆಟ್ರೋಲು ಹೋಗುವ ದಾರಿಯನ್ನು ಅವರು ಹೇಳಿದಂತೆ ಪುಸ್ತಕದಲ್ಲಿ ಗೆರೆ ಎಳೆದು ಬರೆದುಕೊಂಡೆ. ದೋಣಿಯೊಳಗೆ ಬೇರೆಯೇ ಇಡುವ ಟ್ಯಾಂಕು. ಅದರಿಂದ ಪೈಪು. ಪೈಪಿನ ನಡುವೆ ಕೈಯಲ್ಲಿ ಹಿಸುಕುವ ರಬ್ಬರ್ ಉಂಡೆ. ಶುರು ಮಾಡುವಾಗ ಪೆಟ್ರೋಲನ್ನು ಮೋಟಾರಿಗೆ ನೂಕುವುದು ಅದೇ. ಆಮೇಲೆ ಸಣ್ಣ ಜಾಲರಿಯ ಫಿಲ್ಟರ್. ಮೋಟಾರು ಓಡಲು ಶುರುವಾದ ಮೇಲೆ ಪೆಟ್ರೋಲನ್ನು ತಾನೇ ಎಳೆದುಕೊಳ್ಳುವ ಪಂಪು, ಅದರೊಳಗೆ ಮಿಡಿಯುವ ತೆಳು ಪೊರೆ. ಕೊನೆಗೆ ಕಾರ್ಬುರೇಟರ್.

ಸಾಹೇಬರು ಎಲ್ಲ ಜೋಡಿಸಿ, ನೀರು ತುಂಬಿದ ಡ್ರಮ್ಮಿಗೆ ಮೋಟಾರನ್ನು ಇಳಿಬಿಟ್ಟು, ತಮ್ಮದೇ ಬಾಟಲಿಯಿಂದ ಪೆಟ್ರೋಲು ಕೊಟ್ಟು ಓಡಿಸಿದರು. ಅರ್ಧ ಗಂಟೆ ಓಡಿತು. ಒಮ್ಮೆಯೂ ತಡವರಿಸಲಿಲ್ಲ.

"ನೋಡ್ರಿ, ಇಲ್ಲಿ ಓಡ್ತೈತೆ. ಅಲ್ಲಿ ನೀರು ಕಂಡ್ರೆ ಹೆದರ್ತೈತೇನೋ!"

"ಹೋದ ಸಲಾನೂ ಇಲ್ಲಿ ಓಡಿತ್ತಾ?"

"ಎರಡು ಸಲಾನೂ. ಭಾಯ್, ನನ್ ಹತ್ರ ಬಂದಿದ್ದಕ್ಕೆ ನಾನು ಜವಾಬ್ದಾರಿ. ಬರ್ದೇ ಇದ್ದದ್ದಕ್ಕೆ ಏನ್ ಹೇಳ್ಲಿ?"

ಬಾರದೇ ಇದ್ದದ್ದು ಟ್ಯಾಂಕು ಮತ್ತು ಪೈಪು. ಬಸ್ಸಿನಲ್ಲಿ ಪೆಟ್ರೋಲು ಒಯ್ಯುವಂತಿಲ್ಲ, ಹಾಗಾಗಿ ಅವೆರಡೂ ಪ್ರತಿ ಸಲ ದಡದಲ್ಲೇ ಉಳಿದಿದ್ದವು. ಸಂಜೆ ಊರಿಗೆ ಬಂದವನೇ ಪೈಪನ್ನು ತುದಿಯಿಂದ ತುದಿಗೆ ಬೆರಳಲ್ಲಿ ಸವರಿ ನೋಡಿದೆ. ಬಿರುಕಿಲ್ಲ. ಟ್ಯಾಂಕಿನ ಮುಚ್ಚಳದ ಮೇಲೆ ಗಾಳಿಗೆಂದು ಒಂದು ತಿರುಪು ಇತ್ತು. ಅದು ಸಡಿಲವಾಗಿಯೇ ಇತ್ತು. 'ಗಾಳಿದಾರಿ ತೆರೆದಿದೆ' ಎಂದು ಬರೆದುಕೊಂಡೆ.

ಬೆಳಿಗ್ಗೆ ಮತ್ತೆ ಹೊರಟೆವು. ಭಾವ ಮೋಟಾರು ಹಿಡಿದರು. ನಾನು ಒಂದು ಕೈಯಲ್ಲಿ ಗಡಿಯಾರ ಹಿಡಿದು, ಇನ್ನೊಂದನ್ನು ರಬ್ಬರ್ ಉಂಡೆಯ ಮೇಲಿಟ್ಟೆ. ಆರು ನಿಮಿಷಕ್ಕೆ ಉಂಡೆ ಮೆತ್ತಗಾಯಿತು. ಎಂಟಕ್ಕೆ ಒಳಕ್ಕೆ ಕುಗ್ಗಿತು. ಒಂಬತ್ತಕ್ಕೆ ಚಪ್ಪಟೆಯಾಯಿತು, ಮೋಟಾರು ನಿಂತಿತು.

"ಮುಗೀತು, ಬಾ ಹೋಗಾಣ" ಎಂದರು ಭಾವ.

"ಕುಂತ್ಕಳ್ರಿ, ಒಂದು ನಿಮಿಷ."

ಪಂಪು ಎಳೆಯುತ್ತಿದೆ, ಪೆಟ್ರೋಲು ಬರುತ್ತಿಲ್ಲ. ಹಾಗಿದ್ದರೆ ಟ್ಯಾಂಕೇ ಬಿಡುತ್ತಿಲ್ಲ. ಮುಚ್ಚಳ ತಿರುಗಿಸಿದೆ. ಸುಯ್ಯೆಂದು ಗಾಳಿ ಒಳಗೆ ನುಗ್ಗಿತು. ನನ್ನ ಕೈಯಡಿಯಲ್ಲಿ ಉಂಡೆ ಉಬ್ಬಿಕೊಂಡಿತು. ಮುಚ್ಚಳವನ್ನು ಮಗುಚಿದರೆ, ಅದರೊಳಗೆ ಹಾಲಿನ ಪ್ಯಾಕೆಟ್ಟಿನ ಕವರು ಮಡಚಿ ಬಿಗಿಯಾಗಿ ಕೂತಿತ್ತು.

"ಇದನ್ನ ಯಾರು ಹಾಕಿದ್ದು ಭಾವ?"

"ನಾನೇ. ಹಾಕ್ದೇ ಇದ್ರೆ ಬಂಕಿಂದ ಟ್ಯಾಂಕು ತರೋವಾಗ ತುಳುಕ್ತೈತಲ್ಲೋ! ಪೆಟ್ರೋಲ್ ತರೋರು ಯಾರು ಹಾಕಲ್ಲ ಹೇಳು?"

ನಿಜ. ನಮ್ಮ ಕಡೆ ಬಂಕಿನಿಂದ ಬೈಕಿನಲ್ಲಿ ಕ್ಯಾನು ತರುವವರು ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಕವರು ಇಡದೆ ಬಿಗಿಯುವುದಿಲ್ಲ. ತರುವುದಕ್ಕೆ ಅದು ಸರಿ. ಓಡುವ ಮೋಟಾರಿಗೆ ಮಾತ್ರ ಉಸಿರು ಕಟ್ಟುತ್ತದೆ: ಪೆಟ್ರೋಲು ಹೋದ ಜಾಗಕ್ಕೆ ಗಾಳಿ ಬರಬೇಕು, ತಿರುಪು ಎಷ್ಟು ಸಡಿಲಿಸಿದರೂ ಕೆಳಗಿನ ಕವರು ಬಿಡುವುದಿಲ್ಲ.

"ನಿನ್ನೆ ತೆರೆದೈತೆ ಅಂತ ಬರ್ಕಂಡ್ಯಲ್ಲಲೇ?"

"ಮೇಲೆ ನೋಡಿ ಬರ್ದೆ. ಮುಚ್ಚಳ ತೆಗ್ದು ನೋಡ್ಲಿಲ್ಲ. ತಪ್ಪು ನಂದೇ."

"ಪೇಪರ್‍ನಾಗೂ ಹಿಂಗೇ ಬರೀತಿದ್ಯಾ?"

ಕವರನ್ನು ಜೇಬಿಗೆ ಹಾಕಿಕೊಂಡೆ. ಭಾವ ಎಡಗೈಯಿಂದ ಹಗ್ಗ ಜಗ್ಗಿದರು. ಎರಡನೇ ಎಳೆತಕ್ಕೆ ಮೋಟಾರು ಹಿಡಿಯಿತು. ಹತ್ತು ನಿಮಿಷ ದಾಟಿತು, ಇಪ್ಪತ್ತಾಯಿತು. ಉಂಡೆ ಗಟ್ಟಿಯಾಗಿಯೇ ಇತ್ತು.

ಭಾವ ಬೇರೆಯವರ ದೋಣಿಯಲ್ಲಿ ಹೋಗಿ ಬಿಟ್ಟು ಬಂದಿದ್ದ ಬಲೆ ನಾಲ್ಕು ದಿನದಿಂದ ನೀರಲ್ಲೇ ಇತ್ತು. ಸಿಕ್ಕ ಮೀನೆಲ್ಲ ಕೊಳೆತಿತ್ತು. ಭಾವ ಬಲೆಯ ಅಂಚನ್ನು ಮೊಣಕಾಲ ಕೆಳಗೆ ಒತ್ತಿ ಹಿಡಿದು, ಎಡಗೈಯಲ್ಲಿ ಗೇಣುಗೇಣಾಗಿ ಎಳೆದು ಬಿಡಿಸತೊಡಗಿದರು. ನಾನು ಕೈ ಚಾಚಿದ್ದಕ್ಕೆ ಬೇಡವೆಂದರು. ಪೂರ್ತಿ ತೊಳೆದು, ಅಲ್ಲಿಯೇ ಮತ್ತೆ ಇಳಿಬಿಟ್ಟರು.